ತರಬೇತಿ ಪಡೆದವರ ಲೆಕ್ಕ ಸಿಗುತ್ತದೆ, ದುಡಿಮೆಗೆ ನಿಂತವರ ಲೆಕ್ಕ ಎಲ್ಲಿದೆ?

ಬಳ್ಳಾರಿ: ಮಾಸಾಶನ ಪಡೆಯುವ ವಿಕಲಚೇತನರಿಗೆ ಉದ್ಯೋಗ ದೊರಕಿಸುವ ಕಾರ್ಯಕ್ರಮ ಯಾವುದೇ ಇರಲಿ, ಅದರ ವರದಿಯ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಬಗೆಯ ಅಂಕಿಗಳು. ತರಬೇತಿ ಪಡೆದವರು ಇಷ್ಟು, ಹೊಲಿಗೆ ಯಂತ್ರ ಪಡೆದವರು ಇಷ್ಟು, ಸಾಲ ಮಂಜೂರಾದವರು ಇಷ್ಟು. ಹಣ ಖರ್ಚಾಗಿದೆ ಎಂಬುದಕ್ಕೆ ಇವು ಸಾಕ್ಷಿಯೇ ಹೊರತು ಯಾರ ಬದುಕು ಎಷ್ಟು ಬದಲಾಯಿತು ಎಂಬುದಕ್ಕಲ್ಲ. ವರ್ಷದ ನಂತರ ಆ ಯಂತ್ರದ ಮುಂದೆ ಕುಳಿತಿರುವವರು ಯಾರು, ತಿಂಗಳಿಗೆ ಎಷ್ಟು ದಿನ ಕೆಲಸ ಸಿಕ್ಕಿತು, ಕೂಲಿ ಯಾರ ಕೈ ಸೇರಿತು, ಮಾಸಾಶನ ಉಳಿಯಿತೇ ಇಲ್ಲವೇ ಎಂಬ ಪ್ರಶ್ನೆಗಳಿಗೆ ಆ ಪುಟದಲ್ಲಿ ಜಾಗವಿರುವುದಿಲ್ಲ.

ಇದು ಕೇವಲ ಲೆಕ್ಕಪತ್ರದ ವಿಷಯವೆಂದು ಬದಿಗಿಡುವಂತಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆಯಿತು. ಅದರ ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ವಿಕಲಚೇತನರ ಪೈಕಿ ದುಡಿಮೆಯಲ್ಲಿದ್ದವರು ಶೇ 22.8ರಷ್ಟು ಮಾತ್ರ. ಕುತೂಹಲದ ಸಂಗತಿಯೆಂದರೆ ಅದೇ ಸಮೀಕ್ಷೆಯಲ್ಲಿ ಅವರ ನಿರುದ್ಯೋಗ ಪ್ರಮಾಣ ಕೇವಲ ಶೇ 4.2. ಇದನ್ನು ಓದಿ ಸಮಾಧಾನಪಡುವ ಅಗತ್ಯವಿಲ್ಲ. ಕೆಲಸ ಹುಡುಕುತ್ತಿರುವವರನ್ನಷ್ಟೇ ನಿರುದ್ಯೋಗಿಗಳೆಂದು ಎಣಿಸುವುದು ಸಮೀಕ್ಷೆಯ ಕ್ರಮ. ಮುಕ್ಕಾಲು ಪಾಲು ಜನ ಹುಡುಕಾಟವನ್ನೇ ಆರಂಭಿಸಿಲ್ಲ ಅಥವಾ ಕೈಬಿಟ್ಟಿದ್ದಾರೆ. ವೈಕಲ್ಯ ಪ್ರಮಾಣಪತ್ರ ಹೊಂದಿದ್ದವರು ಸಹ ಶೇ 28.8ರಷ್ಟು ಮಾತ್ರ. ಪ್ರಮಾಣಪತ್ರವಿಲ್ಲದವರಿಗೆ ಮಾಸಾಶನವೂ ಇಲ್ಲ, ಇಲಾಖೆಯ ತರಬೇತಿಯೂ ಇಲ್ಲ. ಅಂದರೆ ಯಾವ ಕಾರ್ಯಕ್ರಮವಾದರೂ ಆರಂಭದಲ್ಲಿಯೇ ಬಹುಸಂಖ್ಯಾತರನ್ನು ಹೊರಗಿಟ್ಟು ಹೊರಡುತ್ತದೆ.

ಮಾಸಾಶನದ ಗಣಿತ

ಕಾರ್ಯಕ್ರಮವನ್ನು ಅಳೆಯುವ ಮುನ್ನ ಮಾಸಾಶನದ ನಿಯಮವನ್ನು ಅರಿಯುವುದು ಅವಶ್ಯ. ರಾಜ್ಯದಲ್ಲಿ ಶೇ 40ರಿಂದ 75ರಷ್ಟು ವೈಕಲ್ಯ ಇರುವವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಹೆಚ್ಚಿನ ವೈಕಲ್ಯ ಇರುವವರಿಗೆ 1,400 ರೂಪಾಯಿ ದೊರೆಯುತ್ತದೆ. 600 ರೂಪಾಯಿ ಇದ್ದ ಮೊದಲ ಹಂತದ ಮೊತ್ತವನ್ನು 800ಕ್ಕೆ ಏರಿಸುವ ಘೋಷಣೆಯನ್ನು 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ಮಾಡಿದ್ದರು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆ 2009ರಲ್ಲಿ ಆರಂಭವಾಗಿದ್ದು, ಶೇ 80ಕ್ಕಿಂತ ಹೆಚ್ಚಿನ ವೈಕಲ್ಯ ಇರುವ ಬಡವರಿಗೆ ಕೇಂದ್ರದ ಪಾಲು ಕೇವಲ 300 ರೂಪಾಯಿ. ಉಳಿದದ್ದು ರಾಜ್ಯದ ಹೊಣೆ.

ಅರ್ಜಿ ಸಲ್ಲಿಸುವುದು ನಾಡಕಚೇರಿಯಲ್ಲಿ, ಮಂಜೂರಾತಿ ತಹಶೀಲ್ದಾರರಿಂದ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಿರಬಾರದು ಎಂಬುದು ಷರತ್ತು. ಈ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ಇಡೀ ಕುಟುಂಬಕ್ಕೆ ತಿಂಗಳಿಗೆ 2,667 ರೂಪಾಯಿ. ಇದನ್ನು ಸರ್ಕಾರದ್ದೇ ಇನ್ನೊಂದು ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. 2025-26ನೇ ಸಾಲಿನಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಮನೆಯ ಒಬ್ಬರು 87 ದಿನ ಆ ಕೆಲಸಕ್ಕೆ ಹೋದರೆ ಕುಟುಂಬ ಮಿತಿಯನ್ನು ದಾಟಿತು. ಆದರೆ ಅದೇ ಯೋಜನೆ ಪ್ರತಿ ಕುಟುಂಬಕ್ಕೆ 100 ದಿನದ ಕೆಲಸವನ್ನು ಖಾತ್ರಿಪಡಿಸಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಬದಲಿ ಕಾಯ್ದೆಯಲ್ಲಿ ದಿನಗಳ ಸಂಖ್ಯೆ 125ಕ್ಕೆ ಏರಿದೆ. ಒಂದು ಕೈಯಿಂದ ಖಾತ್ರಿ ನೀಡುವ ದುಡಿಮೆಯನ್ನು ಇನ್ನೊಂದು ಕೈ ಅನರ್ಹತೆಯ ಕಾರಣವಾಗಿ ಪರಿಗಣಿಸುವ ಸ್ಥಿತಿ ಇದು.

ಹಾಗಾದರೆ ಎಲ್ಲರ ಮಾಸಾಶನವೂ ನಿಲ್ಲಬೇಕಿತ್ತಲ್ಲ ಎಂದು ಓದುಗರು ಕೇಳಬಹುದು. ನಿಲ್ಲುವುದಿಲ್ಲ. ಏಕೆಂದರೆ ಕೃಷಿ ಕೂಲಿ, ಮನೆಯಲ್ಲಿ ಮಾಡುವ ಹೊಲಿಗೆ, ಸಂತೆಯ ವ್ಯಾಪಾರ ಇವು ಯಾವ ದಾಖಲೆಯಲ್ಲಿಯೂ ಪೂರ್ಣವಾಗಿ ಮೂಡುವುದಿಲ್ಲ; ಆದಾಯ ಪ್ರಮಾಣಪತ್ರವೆಂಬುದು ಅಂದಾಜಿನ ಪತ್ರ. ಸ್ಪಷ್ಟವಾಗಿ ಮೂಡುವುದು ಭವಿಷ್ಯನಿಧಿ ಕಡಿತವಾಗುವ, ಸಂಬಳ ಬ್ಯಾಂಕಿಗೆ ಬರುವ ನೌಕರಿ ಮಾತ್ರ. ಇದರ ಪರಿಣಾಮ ವಿಚಿತ್ರವಾದದ್ದು. ದಾಖಲೆ ಇಲ್ಲದ ಕೆಲಸ ಮಾಡುವವರಿಗೆ ಮಾಸಾಶನ ಉಳಿಯುತ್ತದೆ, ದಾಖಲೆ ಇರುವ ಒಳ್ಳೆಯ ಕೆಲಸಕ್ಕೆ ಸೇರುವವರಿಗೆ ಅದು ಅಪಾಯದಲ್ಲಿರುತ್ತದೆ. ಕಾರ್ಯಕ್ರಮಗಳು ಹುಡುಕಿಕೊಡಲು ಶ್ರಮಿಸುವುದು ಇಂತಹ ದಾಖಲೆ ಇರುವ ಕೆಲಸವನ್ನೇ.

ಎಂಟುನೂರು ರೂಪಾಯಿಯ ಆಸೆಗೆ ಯಾರಾದರೂ ಕೆಲಸ ಬಿಡುತ್ತಾರೆಯೇ ಎಂಬ ಆಕ್ಷೇಪವೂ ಇದೆ. ಮೊತ್ತ ಸಣ್ಣದು, ನಿಜ. ಆದರೆ ಅದು ಮಳೆ ಬರಲಿ ಬಾರದಿರಲಿ ಖಾತೆಗೆ ಬೀಳುವ ಹಣ. ಕೆಲಸ ಮೂರು ತಿಂಗಳಿಗೆ ಹೋದರೆ ಮತ್ತೆ ಅರ್ಜಿ, ಮತ್ತೆ ಆದಾಯ ಪ್ರಮಾಣಪತ್ರ, ಮತ್ತೆ ಗ್ರಾಮ ಆಡಳಿತ ಅಧಿಕಾರಿಯ ವರದಿ, ಮತ್ತೆ ಕಾಯುವಿಕೆ. ಜನ ಅಂಜುವುದು ಈ ಮರುಪ್ರಯಾಣಕ್ಕೆ. ಅಮೆರಿಕದಲ್ಲಿ 1999ರ ಕಾಯ್ದೆಯೊಂದು ಈ ಭಯವನ್ನು ಗುರುತಿಸಿತ್ತು. ದುಡಿಮೆಯಿಂದಾಗಿ ನೆರವು ನಿಂತವರು ಐದು ವರ್ಷದೊಳಗೆ ಮತ್ತೆ ದುಡಿಯಲಾಗದ ಸ್ಥಿತಿಗೆ ಬಂದರೆ ಹೊಸ ಅರ್ಜಿಯಿಲ್ಲದೆ ಮರಳಿ ನೆರವಿಗೆ ಸೇರುವ ಅವಕಾಶ ಅದರಲ್ಲಿದೆ. ನಮ್ಮ ಮಾಸಾಶನ ನಿಯಮಕ್ಕೂ ಅಂತಹದೊಂದು ಸಾಲನ್ನು ಸೇರಿಸಿದರೆ ಖಜಾನೆಗೆ ಆಗುವ ಹೊರೆ ಅತ್ಯಲ್ಪ ಎಂಬುದು ಈ ವರದಿಗಾರನ ಅಭಿಪ್ರಾಯ.

ಮೂರು ಊರು, ಮೂರು ಬಗೆಯ ದುಡಿಮೆ

ಬಳ್ಳಾರಿ ನಗರದ ಕೆಲಸವೆಂದರೆ ಮೊದಲು ನೆನಪಾಗುವುದು ಜೀನ್ಸ್. ಕೌಲ್‌ಬಜಾರ್ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ಬಟ್ಟೆ ಕತ್ತರಿಸುವುದು, ಹೊಲಿಯುವುದು, ಗುಂಡಿ ಹಾಕುವುದು, ದಾರ ಕತ್ತರಿಸುವುದು, ಇಸ್ತ್ರಿ ಮಾಡುವುದು ಹೀಗೆ ಕೆಲಸ ಹಂಚಿಹೋಗಿದೆ. ಕೂಲಿ ಬಹುತೇಕ ಪೀಸ್ ಲೆಕ್ಕದಲ್ಲಿ. ಕಾಲಿನ ವೈಕಲ್ಯ ಇರುವವರಿಗೂ ಶ್ರವಣದೋಷ ಇರುವವರಿಗೂ ಕುಳಿತು ಮಾಡಬಹುದಾದ ಹಲವು ಹಂತಗಳು ಇಲ್ಲಿವೆ. ಆದರೆ ಪೀಸ್ ಲೆಕ್ಕದಲ್ಲಿ ನಿಧಾನವಾಗಿ ದುಡಿಯುವವರಿಗೆ ಕೂಲಿಯೂ ನಿಧಾನವಾಗಿಯೇ ಬರುತ್ತದೆ. ‘ಉದ್ಯೋಗ ದೊರಕಿದೆ’ ಎಂದು ವರದಿಯಲ್ಲಿ ಗುರುತು ಹಾಕಿದ ವ್ಯಕ್ತಿ ದಿನಕ್ಕೆ ಎಷ್ಟು ಪೀಸ್ ಮುಗಿಸುತ್ತಾರೆ ಎಂಬುದನ್ನು ಕೇಳದಿದ್ದರೆ ಆ ಗುರುತಿಗೆ ಅರ್ಥವಿಲ್ಲ. ಹಬ್ಬದ ಮುಂಚಿನ ತಿಂಗಳುಗಳಲ್ಲಿ ಬೇಡಿಕೆ ಏರಿ ನಂತರ ಇಳಿಯುವ ವಹಿವಾಟು ಇದಾದ್ದರಿಂದ ಯಾವ ತಿಂಗಳಲ್ಲಿ ಕೇಳಿದರು ಎಂಬುದೂ ಮುಖ್ಯ.

ಸಿರುಗುಪ್ಪದ ಕಥೆ ಬೇರೆ. ಅದು ತುಂಗಭದ್ರಾ ಕಾಲುವೆಯ ನೀರಿನ ಮೇಲೆ ನಿಂತ ಭತ್ತದ ಸೀಮೆ. ನಾಟಿ ಮತ್ತು ಕೊಯ್ಲಿನ ವಾರಗಳಲ್ಲಿ ಊರಿಗೆ ಊರೇ ಗದ್ದೆಯಲ್ಲಿ ಇರುತ್ತದೆ, ಅಕ್ಕಿ ಗಿರಣಿಗಳಲ್ಲಿ ಲಾರಿಗಳ ಸಾಲು ನಿಲ್ಲುತ್ತದೆ. ಆನಂತರದ ವಾರಗಳು ಖಾಲಿ. ಇಂತಹ ಊರಿನಲ್ಲಿ ತರಬೇತಿಗೆ ಮುಂಚಿನ ಸಮೀಕ್ಷೆಯನ್ನು ಖಾಲಿ ತಿಂಗಳಲ್ಲಿ, ನಂತರದ ಸಮೀಕ್ಷೆಯನ್ನು ಕೊಯ್ಲಿನ ತಿಂಗಳಲ್ಲಿ ನಡೆಸಿದರೆ ಎಂತಹ ಕಾರ್ಯಕ್ರಮವೂ ಯಶಸ್ವಿಯೇ. ತಿರುಗುಮುರುಗಾದರೆ ಒಳ್ಳೆಯ ಕಾರ್ಯಕ್ರಮವೂ ಸೋತಂತೆ ಕಾಣುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಮುಂದೆ ಗೇಟುಗಳನ್ನು ಬದಲಿಸುವ ಕಾಮಗಾರಿಗಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ಆ ಅವಧಿಯಲ್ಲಿ ತರಬೇತಿ ಮುಗಿಸಿದ ಸಿರುಗುಪ್ಪದ ಯುವಕನಿಗೆ ಗಿರಣಿಯ ತೂಕದ ಚೀಟಿ ಬರೆಯುವ ಕೆಲಸ ಸಿಗದಿದ್ದರೆ ತಪ್ಪು ತರಬೇತಿಯದೋ ಕಾಲುವೆಯದೋ ಎಂಬುದನ್ನು ಅವನೊಬ್ಬನನ್ನೇ ನೋಡಿ ಹೇಳಲು ಸಾಧ್ಯವಿಲ್ಲ.

ಕುರುಗೋಡಿನ ತೊಡಕು ಕಡತದ ತೊಡಕು. ಮೊದಲು ಬಳ್ಳಾರಿ ತಾಲ್ಲೂಕಿನ ಭಾಗವಾಗಿದ್ದ ಅದು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ಅದರ ಹಿಂದಿನ ಫಲಾನುಭವಿಗಳ ಸಂಖ್ಯೆ ಬಳ್ಳಾರಿಯ ಲೆಕ್ಕದೊಳಗೆ ಬೆರೆತಿದೆ. ಜಿಲ್ಲೆಯ ಮಟ್ಟದಲ್ಲಿಯೂ ಹೀಗೆಯೇ. 2011ರ ಜನಗಣತಿಯ ಬಳ್ಳಾರಿ ಜಿಲ್ಲೆಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳು ಸೇರಿದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಅವು ಇಲ್ಲಿಲ್ಲ. ‘ಹತ್ತು ವರ್ಷದಲ್ಲಿ ಇಷ್ಟು ಏರಿಕೆ, ಇಷ್ಟು ಇಳಿಕೆ’ ಎಂಬ ಹೇಳಿಕೆ ಕಂಡಾಗ ಯಾವ ಗಡಿಯ ಲೆಕ್ಕವೆಂದು ಕೇಳುವುದು ಒಳ್ಳೆಯದು.

ಕಾರ್ಯಕ್ರಮ ಇಲ್ಲದಿದ್ದರೆ?

ಮೌಲ್ಯಮಾಪನದ ಮೂಲ ಪ್ರಶ್ನೆ ಒಂದೇ. ಈ ಕಾರ್ಯಕ್ರಮ ಇಲ್ಲದೇ ಇದ್ದಿದ್ದರೆ ಈ ಜನರಿಗೆ ಏನಾಗುತ್ತಿತ್ತು? ಮುಂಚೆ ಮತ್ತು ನಂತರ ಎಂಬ ಹೋಲಿಕೆ ಇದಕ್ಕೆ ಉತ್ತರ ಕೊಡುವುದಿಲ್ಲ. ರಾಜ್ಯದಲ್ಲಿ 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದಿತು. ಕುರುಗೋಡಿನಿಂದ ಬಳ್ಳಾರಿಗೆ ದಿನವೂ ಬಂದು ದುಡಿಯಲು ಬಸ್ ದರವೇ ಅಡ್ಡಿಯಾಗಿದ್ದ ವಿಕಲಚೇತನ ಮಹಿಳೆಯೊಬ್ಬರು 2023ರ ಆರಂಭದಲ್ಲಿ ಹೊಲಿಗೆ ತರಬೇತಿ ಪಡೆದು ವರ್ಷಾಂತ್ಯಕ್ಕೆ ಕೆಲಸದಲ್ಲಿದ್ದರು ಎಂದಿಟ್ಟುಕೊಳ್ಳೋಣ. ಶ್ರೇಯಸ್ಸು ತರಬೇತಿಗೆ ಸೇರಬೇಕೋ ಬಸ್ಸಿಗೋ? ತರಬೇತಿ ಪಡೆಯದ, ಆದರೆ ಅದೇ ಬಗೆಯ ವೈಕಲ್ಯ, ವಯಸ್ಸು, ಓದು ಇರುವ ಇತರ ಮಹಿಳೆಯರ ಸ್ಥಿತಿಯನ್ನೂ ಅದೇ ತಿಂಗಳಲ್ಲಿ ನೋಡಿದರೆ ಮಾತ್ರ ತಿಳಿದೀತು.

ಬ್ರಿಟನ್ನಿನಲ್ಲಿ ಈ ಪಾಠ ದುಬಾರಿಯಾಗಿ ಬಂದಿತು. ವೈಕಲ್ಯ ಭತ್ಯೆ ಪಡೆಯುವವರನ್ನು ಕೆಲಸಕ್ಕೆ ಮರಳಿಸಲು ‘ಪಾಥ್‌ವೇಸ್ ಟು ವರ್ಕ್’ ಎಂಬ ದೊಡ್ಡ ಕಾರ್ಯಕ್ರಮವನ್ನು ದೇಶದಾದ್ಯಂತ ವಿಸ್ತರಿಸಲಾಗಿತ್ತು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2010ರಲ್ಲಿ ವರದಿ ನೀಡಿ, ಕೆಲಸಕ್ಕೆ ಸೇರಿದವರಲ್ಲಿ ಅನೇಕರು ಕಾರ್ಯಕ್ರಮವಿಲ್ಲದೆಯೂ ಸೇರುತ್ತಿದ್ದವರೇ ಎಂದೂ, ಖರ್ಚಿಗೆ ತಕ್ಕ ಫಲ ಬಂದಿಲ್ಲವೆಂದೂ ಹೇಳಿತು. ಅಮೆರಿಕದಲ್ಲಿ 2011ರಿಂದ 2017ರವರೆಗೆ ಇನ್ನೊಂದು ಪ್ರಯೋಗ ನಡೆಯಿತು. ನಿಗದಿತ ಮಿತಿ ಮೀರಿ ದುಡಿದರೆ ಪೂರ್ತಿ ನೆರವು ನಿಲ್ಲುವ ನಿಯಮದ ಬದಲು, ಹೆಚ್ಚುವರಿ ಎರಡು ಡಾಲರ್ ಗಳಿಕೆಗೆ ಒಂದು ಡಾಲರ್ ಮಾತ್ರ ಕಡಿತ ಮಾಡುವ ನಿಯಮವನ್ನು ಚೀಟಿ ಎತ್ತಿದಂತೆ ಆರಿಸಿದ ಫಲಾನುಭವಿಗಳಿಗೆ ಅನ್ವಯಿಸಿದರು. ಸರಾಸರಿ ಗಳಿಕೆಯಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ; ನೆರವಿನ ವೆಚ್ಚ ಹೆಚ್ಚಿತು. ನಿಯಮ ಸಡಿಲಿಸಿದ ಮಾತ್ರಕ್ಕೆ ಕೆಲಸ ಹುಟ್ಟುವುದಿಲ್ಲ ಎಂಬುದು ಇದರಿಂದ ತಿಳಿಯಿತು. ಮಾಸಾಶನದ ಆದಾಯ ಮಿತಿಯನ್ನು ಏರಿಸಬೇಕೆಂದು ವಾದಿಸುವವರು, ಅದರಲ್ಲಿ ನಾವೂ ಇದ್ದೇವೆ, ಈ ಫಲಿತಾಂಶವನ್ನು ಮರೆಯುವಂತಿಲ್ಲ. ಆದರೆ ಅಲ್ಲಿನ ನೆರವು ಒಬ್ಬರ ಬದುಕಿಗೆ ಆಸರೆಯಾಗುವಷ್ಟು ದೊಡ್ಡದು, ನಮ್ಮದು ಹಾಗಲ್ಲ ಎಂಬ ವ್ಯತ್ಯಾಸವೂ ಇದೆ.

ಫಲ ಕೊಟ್ಟ ಮಾದರಿಗಳೂ ಇವೆ. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಮೊದಲು ದೀರ್ಘ ತರಬೇತಿ, ನಂತರ ಕೆಲಸ ಎಂಬ ಹಳೆಯ ಕ್ರಮವನ್ನು ತಿರುಗಿಸಿ, ಮೊದಲು ಸಾಮಾನ್ಯ ಕೆಲಸಕ್ಕೆ ಸೇರಿಸಿ, ಬಳಿಕ ಕೆಲಸದ ಜಾಗದಲ್ಲಿಯೇ ಬೆಂಬಲ ನೀಡುವ ಪದ್ಧತಿಯನ್ನು ಯುರೋಪಿನ ಆರು ನಗರಗಳಲ್ಲಿ 312 ಜನರ ಮೇಲೆ ಪರೀಕ್ಷಿಸಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೊಸ ಪದ್ಧತಿಯಲ್ಲಿ ಶೇ 55ರಷ್ಟು ಜನ ಕನಿಷ್ಠ ಒಂದು ದಿನವಾದರೂ ಕೆಲಸ ಮಾಡಿದರೆ, ಹಳೆಯ ಪದ್ಧತಿಯಲ್ಲಿ ಶೇ 28. ಒಂದು ದಿನ ಎಂಬ ಅಳತೆಗೋಲು ಬಹಳ ಚಿಕ್ಕದೆಂದು ಯಾರಿಗಾದರೂ ಅನ್ನಿಸೀತು. ಆದರೆ ಅಳತೆಗೋಲು ಏನೆಂದು ಅವರು ಮೊದಲೇ ಬಹಿರಂಗವಾಗಿ ಹೇಳಿದ್ದಾರೆ. ನಮ್ಮ ವರದಿಗಳಲ್ಲಿ ‘ಉದ್ಯೋಗ’ ಎಂದರೆ ಎಷ್ಟು ದಿನ ಎಂಬುದೇ ಇರುವುದಿಲ್ಲ.

ಮಂಡ್ಯದಲ್ಲಿ ನಡೆದ ಅಧ್ಯಯನ

ಇಂತಹ ಅಳತೆ ವಿದೇಶದಲ್ಲಷ್ಟೇ ಸಾಧ್ಯ ಎನ್ನುವಂತಿಲ್ಲ. ಮಂಡ್ಯ ಮತ್ತು ರಾಮನಗರ ಭಾಗದಲ್ಲಿ 1990ರ ದಶಕದ ಉತ್ತರಾರ್ಧದಿಂದ ಸಮುದಾಯ ಆಧಾರಿತ ಪುನರ್ವಸತಿ ಕಾರ್ಯಕ್ರಮಗಳು ನಡೆದಿದ್ದವು. ಇಟಲಿಯ ಫ್ಲಾರೆನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಥಳೀಯ ಸಂಸ್ಥೆಗಳ ಜೊತೆ ಸೇರಿ ಅವುಗಳ ಪರಿಣಾಮವನ್ನು ಅಳೆದರು. 2012ರಲ್ಲಿ ಅದು ಪುಸ್ತಕವಾಗಿ, 2014ರಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ಇದ್ದ ಹಳ್ಳಿಗಳ ವಿಕಲಚೇತನರನ್ನು ಕಾರ್ಯಕ್ರಮ ತಲುಪದ ಹಳ್ಳಿಗಳ ಅಂತಹುದೇ ವಿಕಲಚೇತನರೊಂದಿಗೆ ಹೋಲಿಸಿದರು. ನೋಡಿದ ಸಂಗತಿ ನಾಲ್ಕು: ಮಾಸಾಶನ ದೊರೆಯಿತೇ, ಸಾಧನ ಸಲಕರಣೆ ಬಳಸುತ್ತಿದ್ದಾರೆಯೇ, ಕೂಲಿ ಅಥವಾ ಸಂಬಳದ ಕೆಲಸವಿದೆಯೇ, ದಿನನಿತ್ಯದ ಬದುಕಿನಲ್ಲಿ ಸ್ವಾವಲಂಬನೆ ಹೆಚ್ಚಿತೇ. ನಾಲ್ಕು ವರ್ಷದ ಬಳಿಕ ಮತ್ತು ಏಳು ವರ್ಷದ ಬಳಿಕ ಎಂದು ಎರಡು ಘಟ್ಟದಲ್ಲಿ ನೋಡಿದಾಗ ಕಾರ್ಯಕ್ರಮದ ಪರಿಣಾಮ ಒಳ್ಳೆಯದೇ ಎಂದು ಕಂಡುಬಂದಿತು.

ಈ ಅಧ್ಯಯನದಲ್ಲಿ ಎರಡು ಅಂಶ ಬಳ್ಳಾರಿಗೆ ಮುಖ್ಯ. ಅಲ್ಲಿ ಮಾಸಾಶನವೂ ಕೆಲಸವೂ ಒಂದಕ್ಕೊಂದು ವಿರುದ್ಧವೆಂದು ಎಣಿಕೆಯಾಗಿಲ್ಲ, ಎರಡೂ ಕಾರ್ಯಕ್ರಮದ ಯಶಸ್ಸೆಂದೇ ಲೆಕ್ಕ. ಇನ್ನೊಂದು, ಕಾಯುವ ತಾಳ್ಮೆ. ತರಬೇತಿ ಮುಗಿದ ಮೂರನೇ ತಿಂಗಳಿಗೆ ದೂರವಾಣಿ ಕರೆ ಮಾಡಿ ಕಡತ ಮುಚ್ಚುವ ಬದಲು ವರ್ಷಗಳ ಅಂತರದಲ್ಲಿ ಮನೆಗೆ ಹೋಗಿ ಕೇಳಿದ್ದಾರೆ.

ತಾಳ್ಮೆಯ ಇನ್ನೊಂದು ಮಾದರಿಯೂ ಕರ್ನಾಟಕದ್ದೇ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಜನರಿಗೆ ಸ್ವಉದ್ಯೋಗ ತರಬೇತಿ ನೀಡಿ ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುವ ಕ್ರಮ ಬೆಳೆಸಿತು. ಮುಂದೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ದೇಶದ ಜಿಲ್ಲೆಗಳಿಗೆ ವಿಸ್ತರಿಸಿದ್ದು ಇದೇ ಮಾದರಿಯನ್ನು. ಅಲ್ಲಿ ತರಬೇತಾದವರ ಜೊತೆಗೆ ‘ನೆಲೆಗೊಂಡವರು’ ಎಂಬ ಪ್ರತ್ಯೇಕ ಲೆಕ್ಕವೂ ಇರುತ್ತದೆ. ಹೋಲಿಕೆಯ ಗುಂಪು ಇಲ್ಲವೆಂಬ ಕೊರತೆ ಅದರಲ್ಲಿದ್ದರೂ ತಲೆ ಎಣಿಸಿ ಮುಗಿಸುವುದಕ್ಕಿಂತ ಅದು ಬಹಳ ಮುಂದಿನ ಹೆಜ್ಜೆ.

ಇಲ್ಲಿ ಏನು ಸಾಧ್ಯ?

ಮಂಡ್ಯದಲ್ಲಿ ಇಲ್ಲದ ಅನುಕೂಲಗಳು ಇಂದು ಬಳ್ಳಾರಿಯಲ್ಲಿವೆ. ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ) ಬಂದಿದೆ. ಮಾಸಾಶನ ನೇರ ಖಾತೆಗೆ ಹೋಗುವುದರಿಂದ ಯಾರಿಗೆ ಯಾವಾಗ ಆರಂಭವಾಯಿತು, ಯಾವಾಗ ನಿಂತಿತು ಎಂಬುದು ಗಣಕದಲ್ಲಿದೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರಲ್ಲಿ ಬಹುತೇಕರು ಸ್ವತಃ ವಿಕಲಚೇತನರು, ಯಾರ ಮನೆ ಯಾವ ಓಣಿಯಲ್ಲಿದೆ ಎಂಬುದನ್ನು ಬಲ್ಲವರು. ಆದರೆ ಫಲಾನುಭವಿಯನ್ನು ಆರಿಸಿದ ಕಾರ್ಯಕರ್ತರಿಂದಲೇ ಫಲಿತಾಂಶದ ವರದಿಯನ್ನೂ ಬರೆಸುವುದು ಸರಿಯಲ್ಲ. ತಾವೇ ಹಚ್ಚಿದ ಗಿಡ ಒಣಗಿದೆಯೆಂದು ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಸಿರುಗುಪ್ಪದ ಕಾರ್ಯಕರ್ತರು ಕುರುಗೋಡಿನಲ್ಲಿ, ಕುರುಗೋಡಿನವರು ಸಿರುಗುಪ್ಪದಲ್ಲಿ ವಿಚಾರಿಸಿದರೆ ಈ ತೊಂದರೆ ಅಷ್ಟರಮಟ್ಟಿಗೆ ನೀಗುತ್ತದೆ.

ಹೋಲಿಕೆಯ ಗುಂಪನ್ನು ಎಲ್ಲಿಂದ ತರುವುದು ಎಂಬುದಕ್ಕೂ ಸರಳ ಉಪಾಯವಿದೆ. ಮೂವತ್ತು ಸೀಟಿನ ತರಬೇತಿಗೆ ಎಪ್ಪತ್ತು ಅರ್ಜಿ ಬಂದಾಗ ಶಿಫಾರಸಿನ ಮೇಲೆ ಆರಿಸುವ ಬದಲು ಎಲ್ಲರ ಎದುರು ಚೀಟಿ ಎತ್ತುವುದು. ಉಳಿದ ನಲವತ್ತು ಜನರಿಗೆ ಮುಂದಿನ ತಂಡದಲ್ಲಿ ಸ್ಥಾನ. ಇದರಿಂದ ನ್ಯಾಯವೂ ಆಗುತ್ತದೆ, ಹೋಲಿಕೆಯೂ ಸಿಗುತ್ತದೆ. ಈಗಿನ ಕ್ರಮದಲ್ಲಿ ಸುಲಭವಾಗಿ ಕೆಲಸ ಸಿಗಬಲ್ಲವರನ್ನೇ, ಅಂದರೆ ಸ್ವಲ್ಪ ಕುಂಟುವ, ಪಿಯುಸಿ ಓದಿದ, ಪಟ್ಟಣದ ಹುಡುಗರನ್ನೇ ಆರಿಸಿಕೊಂಡು ಶೇಕಡಾವಾರು ಏರಿಸಿಕೊಳ್ಳುವ ಪ್ರಲೋಭನೆ ಯಾವ ಸಂಸ್ಥೆಗೂ ತಪ್ಪಿದ್ದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 7 ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ವಿಸ್ತರಿಸಿದೆ. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ಪೋಲಿಯೊ ಪೀಡಿತರ ತಲೆಮಾರು ಈಗ ನಡುವಯಸ್ಸಿನತ್ತ ಸಾಗಿದೆ. ತರಬೇತಿಗಳು ಮಾತ್ರ ಇನ್ನೂ ಆ ತಲೆಮಾರನ್ನೇ ಕಣ್ಣಮುಂದಿಟ್ಟು ಹೊಲಿಗೆ ಮತ್ತು ಗಣಕಯಂತ್ರದ ಆಚೆಗೆ ಹೆಚ್ಚು ಯೋಚಿಸುತ್ತಿಲ್ಲ. ಬೌದ್ಧಿಕ ವೈಕಲ್ಯ ಇರುವವರು, ಬೆನ್ನುಹುರಿಗೆ ಪೆಟ್ಟಾದವರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು ಎಷ್ಟು ಜನ ಸೇರಿದರು ಎಂಬ ಸಾಲು ವರದಿಯಲ್ಲಿ ಪ್ರತ್ಯೇಕವಾಗಿಯೇ ಇರಬೇಕು.

ಸಾಲ, ಯಂತ್ರಚಾಲಿತ ವಾಹನ, ಬಸ್ ಪಾಸುಗಳಿಗೂ ಇದೇ ಮಾತು. ಇಲಾಖೆ ನೀಡುವ ಪಕ್ಕದ ಚಕ್ರಗಳ ವಾಹನವನ್ನು ಸಲಕರಣೆಯೆಂದು ಲೆಕ್ಕ ಹಾಕುತ್ತಾರೆಯೇ ಹೊರತು ಉದ್ಯೋಗ ಕಾರ್ಯಕ್ರಮವೆಂದಲ್ಲ. ಸಿರುಗುಪ್ಪದ ಹಳ್ಳಿಯೊಂದರಿಂದ ಪಟ್ಟಣದ ಗಿರಣಿಗೆ ದಿನವೂ ಹೋಗಿಬರಲು ಅದು ನೆರವಾದರೆ ಆರು ತಿಂಗಳ ತರಬೇತಿಗಿಂತ ಅದೇ ಹೆಚ್ಚು ಫಲಕಾರಿ ಇರಬಹುದು. ಇಲ್ಲದೆಯೂ ಇರಬಹುದು. ವಾಹನ ಪಡೆದವರ ದುಡಿಮೆಯ ದಿನಗಳನ್ನು ಎಣಿಸಿದರೆ ಗೊತ್ತಾಗುತ್ತದೆ.

ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ವಿಶೇಷ ಗ್ರಾಮಸಭೆ ನಡೆಸುವ ಪದ್ಧತಿ ರಾಜ್ಯದಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಹೊಸ ಬೇಡಿಕೆಗಳು. ಹಳೆಯದರ ಲೆಕ್ಕವನ್ನೂ ಕೇಳುವ ಹಕ್ಕು ಸಭಿಕರಿಗಿದೆ. ಎರಡು ವರ್ಷದ ಹಿಂದೆ ನಮ್ಮ ಪಂಚಾಯಿತಿಯಿಂದ ತರಬೇತಿಗೆ ಹೋದವರಲ್ಲಿ ಕಳೆದ ತಿಂಗಳು ಎಷ್ಟು ಜನ ಎಷ್ಟು ದಿನ ದುಡಿದರು? ಅರ್ಜಿ ಹಾಕಿ ಸ್ಥಾನ ಸಿಗದವರು ಎಷ್ಟು ದಿನ ದುಡಿದರು? ಕೆಲಸಕ್ಕೆ ಸೇರಿದ ಬಳಿಕ ಯಾರದಾದರೂ ಮಾಸಾಶನ ನಿಂತಿತೇ, ಕೆಲಸ ಹೋದ ಮೇಲೆ ಮತ್ತೆ ಆರಂಭವಾಗಲು ಎಷ್ಟು ತಿಂಗಳು ಹಿಡಿಯಿತು? ಪ್ರಶ್ನೆಗಳನ್ನು ಲಿಖಿತವಾಗಿ ಕೊಟ್ಟು ನಡಾವಳಿಯಲ್ಲಿ ದಾಖಲಿಸಿಕೊಳ್ಳುವಂತೆ ಕೋರಿದರೆ ಮುಂದಿನ ಸಭೆಯೊಳಗೆ ಉತ್ತರ ಸಿದ್ಧವಾಗಬೇಕಾಗುತ್ತದೆ.